ವಂಶದಾಖಲೆಗಳ ಬೆಳಕಿನಲ್ಲಿ ಫರ್ಡಿನಾಂಡ್ ಕಿಟೆಲ್

ಕನ್ನಡ ಅಧ್ಯಾಪಕರ ಮೇಜಿನ ಮೇಲೆ ಸದಾ ಇರುವ ನಿಘಂಟಿನ ಕರ್ತೃ ರೆವರೆಂಡ್ ಫರ್ಡಿನಾಂಡ್ ಕಿಟೆಲ್ ಅವರ ಜೀವನವನ್ನು ಕುರಿತು ನಮ್ಮಲ್ಲಿ ಅನೇಕ ಬರೆಹಗಳು ಬಂದಿವೆ. ಅವುಗಳಲ್ಲಿ ಬಹುಪಾಲು ಒಂದೇ ಜಾಡಿನಲ್ಲಿ ಸಾಗುತ್ತವೆ. ಹುಟ್ಟಿದ ಊರು, ತಂದೆ ತಾಯಿಯರ ಹೆಸರು, ಬಾಸೆಲ್ ಮಿಷನ್ನಿನ ಶಿಕ್ಷಣ, ಭಾರತಕ್ಕೆ ಆಗಮನ ಇವಿಷ್ಟನ್ನು ಹೇಳಿ ಬರೆಹ ನಿಘಂಟಿಗೆ ಬಂದು ನಿಲ್ಲುತ್ತದೆ. ಕುಟುಂಬದ ಸಂಗತಿಗೆ ಒಂದು ವಾಕ್ಯ, ಹೆಚ್ಚೆಂದರೆ ಎರಡು. ಇದರಿಂದಾಗಿ ಕಿಟೆಲ್ ನಮ್ಮ ಮನಸ್ಸಿನಲ್ಲಿ ಮನೆಯಿಲ್ಲದ, ಮಕ್ಕಳಿಲ್ಲದ ಋಷಿಯಂತೆ ಉಳಿದುಬಿಟ್ಟಿದ್ದಾರೆ. ಆಧಾರಗಳು ದೂರದಲ್ಲಿದ್ದವು ಎಂಬುದು ಇದಕ್ಕೆ ಒಂದು ಕಾರಣ. ಈಗ ಆ ದೂರ ಬಹಳಷ್ಟು ಕಡಿಮೆಯಾಗಿದೆ. ಹುಬ್ಬಳ್ಳಿಯ ಕಮರಿಪೇಟೆಯ ಮಾಳಿಗೆಯ ಕೋಣೆಯೊಂದರಲ್ಲಿ ಕುಳಿತು ಗಣಕಯಂತ್ರದ ಮೂಲಕ ಜರ್ಮನ್ ಕುಟುಂಬಗಳ ದಾಖಲೆಗಳನ್ನು ಹುಡುಕುವುದು ಸಾಧ್ಯವಾಗಿದೆ. ಆ ಮಾರ್ಗದಿಂದ ನೋಡಿದಾಗ ಕಿಟೆಲ್ ಅವರ ಜೀವನ ಹೇಗೆ ಕಾಣುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ವಾಯವ್ಯದಲ್ಲಿ ಸಮುದ್ರಕ್ಕೆ ಹತ್ತಿರವಿರುವ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಅದೇ ವರ್ಷ ಮದರಾಸಿನಲ್ಲಿ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತೆಂಬುದು ಒಂದು ಸೋಜಿಗ. ಹುಡುಕಾಟಕ್ಕೆ ಹೊರಟವರಿಗೆ ಮೊದಲ ತೊಡಕು ಎದುರಾಗುವುದು ಊರಿನ ಹೆಸರಿನಲ್ಲಿಯೇ. 1832ರಲ್ಲಿ ಜರ್ಮನಿ ಎಂಬ ಏಕರಾಜ್ಯವಿರಲಿಲ್ಲ. ಪೂರ್ವ ಫ್ರೀಸಿಯಾ 1815ರಿಂದ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. 1866ರಲ್ಲಿ ಪ್ರಷ್ಯಾದ ವಶವಾಯಿತು. ಇಂದು ರೆಸ್ಟರ್‌ಹಾಫೆ ಲೋವರ್ ಸ್ಯಾಕ್ಸನಿ ರಾಜ್ಯದ ಡೋರ್ನುಮ್ ಪಂಚಾಯಿತಿಯ ಒಂದು ಭಾಗ. ಮುಂಬಯಿ ಪ್ರಾಂತದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಧಾರವಾಡ ಜಿಲ್ಲೆಯ ಸಂಶೋಧಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಹಳೆಯ ಕಾಗದಪತ್ರಗಳನ್ನು ಬೆಂಗಳೂರಿನಲ್ಲಿ ಹುಡುಕಿದರೆ ಪ್ರಯೋಜನವಿಲ್ಲ, ಮುಂಬಯಿ ಪುಣೆಗಳಿಗೆ ಹೋಗಬೇಕು. ಅದರಂತೆಯೇ ಆ ಹಳ್ಳಿ ಯಾವ ಕಾಲದಲ್ಲಿ ಯಾರ ಆಡಳಿತದಲ್ಲಿತ್ತು, ಯಾವ ಚರ್ಚಿನ ವ್ಯಾಪ್ತಿಯಲ್ಲಿತ್ತು ಎಂಬುದು ಮೊದಲು ತಿಳಿಯಬೇಕು. 1912ರಲ್ಲಿ ಪ್ರಕಟವಾದ ಮೇಯರ್ ಸ್ಥಳನಾಮಕೋಶ ಈಗ ಅಂತರ್ಜಾಲದಲ್ಲಿದೆ. ಜರ್ಮನಿಯ ವಂಶಾಧ್ಯಯನಕಾರರ ಸಂಘವು ರೂಪಿಸಿರುವ ಐತಿಹಾಸಿಕ ಸ್ಥಳಸೂಚಿಯೂ ಉಚಿತವಾಗಿ ದೊರೆಯುತ್ತದೆ. ಈ ಎರಡನ್ನು ನೋಡದೆ ನೇರವಾಗಿ ವ್ಯಕ್ತಿಯ ಹೆಸರನ್ನು ಹುಡುಕುವುದು ವ್ಯರ್ಥಶ್ರಮ.

ತಂದೆ ಗಾಟ್‌ಫ್ರೀಡ್ ಕ್ರಿಶ್ಚಿಯನ್ ಕಿಟೆಲ್ ಆ ಊರಿನ ಚರ್ಚಿನ ಪಾದ್ರಿ. ತಾಯಿ ಹೆಲೆನ್ ಹ್ಯೂಬರ್ಟ್. ತಂದೆ ಪಾದ್ರಿಯಾಗಿದ್ದುದು ಸಂಶೋಧಕರ ಪಾಲಿಗೆ ಅನುಕೂಲದ ಸಂಗತಿ. ಹ್ಯಾನೋವರ್ ಸೀಮೆಯ ಪ್ರತಿಯೊಂದು ಚರ್ಚಿನಲ್ಲಿ ಸುಧಾರಣೆಯ ಕಾಲದಿಂದ ಯಾರು ಯಾವಾಗ ಪಾದ್ರಿಯಾಗಿದ್ದರೆಂಬ ಪಟ್ಟಿಯನ್ನು ಫಿಲಿಪ್ ಮೇಯರ್ ಎಂಬ ವಿದ್ವಾಂಸ 1940ರ ದಶಕದ ಆಸುಪಾಸಿನಲ್ಲಿ ಸಿದ್ಧಪಡಿಸಿ ಪ್ರಕಟಿಸಿದ್ದಾರೆ. ಅಲ್ಲದೆ ಜನನ, ದೀಕ್ಷಾಸ್ನಾನ, ವಿವಾಹ, ಮರಣಗಳನ್ನು ಚರ್ಚಿನ ಪುಸ್ತಕದಲ್ಲಿ ಬರೆದಿಡುತ್ತಿದ್ದವರು ಪಾದ್ರಿಗಳೇ. ಹಾಗಾಗಿ ಹಳ್ಳಿಯ ಪಾದ್ರಿಯ ಮಗನ ಹುಟ್ಟು ಸಾಮಾನ್ಯವಾಗಿ ತಂದೆಯ ಕೈಬರೆಹದಲ್ಲಿಯೇ ದಾಖಲಾಗುತ್ತಿತ್ತು. ಜರ್ಮನಿಯ ಪ್ರೊಟೆಸ್ಟಂಟ್ ಚರ್ಚುಗಳ ಇಂತಹ ಪುಸ್ತಕಗಳ ಛಾಯಾಪ್ರತಿಗಳು 2015ರಿಂದ ಆರ್ಕಿಯೋನ್ ಎಂಬ ಜಾಲತಾಣದಲ್ಲಿ ಶುಲ್ಕ ತೆತ್ತು ನೋಡಲು ಸಿಗುತ್ತಿವೆ.

ಹೆಸರಿನ ವಿಚಾರದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಪೂರ್ವ ಫ್ರೀಸಿಯಾದಲ್ಲಿ ಸ್ಥಿರವಾದ ಮನೆತನದ ಹೆಸರುಗಳಿರಲಿಲ್ಲ. ತಂದೆಯ ಹೆಸರೇ ಮಗನಿಗೆ ಎರಡನೆಯ ಹೆಸರಾಗಿ, ಪ್ರತಿ ತಲೆಮಾರಿಗೂ ಬದಲಾಗುತ್ತಿತ್ತು. ನೆಪೋಲಿಯನ್ ಆಳ್ವಿಕೆಯಲ್ಲಿ, 1811ರ ಆಜ್ಞೆಯ ಮೂಲಕ, ಸ್ಥಿರ ಮನೆತನದ ಹೆಸರುಗಳನ್ನು ಕಡ್ಡಾಯ ಮಾಡಲಾಯಿತು. ಕಿಟೆಲ್ ಎಂಬುದು ಆ ಬಗೆಯ ಪಿತೃನಾಮವಲ್ಲ. ಜರ್ಮನ್ ಭಾಷೆಯಲ್ಲಿ ಅದಕ್ಕೆ ಕೆಲಸಗಾರರು ತೊಡುವ ನಿಲುವಂಗಿ ಎಂಬ ಅರ್ಥವಿದೆ. ಆದುದರಿಂದ ಬರಿಯ ಆ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಬಟ್ಟೆ ಅಂಗಡಿಗಳ ಸಾಲೇ ತೆರೆದುಕೊಳ್ಳುತ್ತದೆ! ಇದು ನಗೆಯ ಮಾತಾಯಿತು. ಇನ್ನೊಂದು ತೊಡಕು ಗಂಭೀರವಾದದ್ದು. ಟ್ಯೂಬಿಂಗೆನ್, ಕಿಟೆಲ್, ನಿಘಂಟು ಎಂಬ ಮೂರು ಪದಗಳನ್ನು ಒಟ್ಟಿಗೆ ಕೊಟ್ಟರೆ ಮುಂದೆ ಬರುವುದು ಗೆರ್ಹಾರ್ಡ್ ಕಿಟೆಲ್ ಎಂಬ ಇನ್ನೊಬ್ಬರ ಹೆಸರು. 1888ರಲ್ಲಿ ಜನಿಸಿದ ಅವರು ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಬೈಬಲ್ಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಬೃಹತ್ ಕೋಶದ ಸಂಪಾದಕರು, ಹಿಟ್ಲರನ ಕಾಲದಲ್ಲಿ ಯಹೂದಿ ದ್ವೇಷಕ್ಕೆ ವಿದ್ವತ್ತಿನ ಬೆಂಬಲ ನೀಡಿದವರು. ಅವರ ತಂದೆ ರುಡಾಲ್ಫ್ ಕಿಟೆಲ್ ಹೀಬ್ರೂ ಬೈಬಲ್ಲಿನ ಸಂಪಾದಕರು, ದಕ್ಷಿಣದ ವ್ಯೂರ್ಟೆಂಬರ್ಗಿನ ಎನಿಂಗೆನ್‌ನಲ್ಲಿ ಹುಟ್ಟಿದವರು. ನಮ್ಮ ಕಿಟೆಲ್ ಉತ್ತರದ ಕಡಲತೀರದವರು. ಮನೆತನದ ಹೆಸರು, ವಾಸದ ಊರು, ಮಾಡಿದ ಕೆಲಸ ಮೂರೂ ಹೊಂದಿದ ಮಾತ್ರಕ್ಕೆ ಬಂಧುತ್ವ ಸಿದ್ಧವಾಗುವುದಿಲ್ಲ.

ಕಿಟೆಲ್ ಬೆಳೆದ ಭಾಷಾಪರಿಸರ ನಮಗೆ ಹೆಚ್ಚು ಮುಖ್ಯ. ಅಲ್ಲಿನ ರೈತರ, ಮೀನುಗಾರರ ಮಾತು ಪ್ಲಾಟ್ ಎಂದು ಕರೆಯಲಾಗುವ ಉತ್ತರದ ಜರ್ಮನ್. ಚರ್ಚಿನ, ಶಾಲೆಯ ಭಾಷೆ ಗ್ರಾಂಥಿಕ ಜರ್ಮನ್. ಒಂದರ ಪದ ಇನ್ನೊಂದರ ಪುಸ್ತಕದಲ್ಲಿ ಸಿಗದು. ಕಮರಿಪೇಟೆಯಲ್ಲಿ ನೆಲೆಸಿರುವ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದ ಮನೆಗಳಲ್ಲಿ ಒಳಗೆ ಒಂದು ಮಾತು, ಹೊಸ್ತಿಲು ದಾಟಿದರೆ ಕನ್ನಡ. ಇದನ್ನು ದಿನವೂ ಕೇಳುತ್ತಿರುವವರಿಗೆ ಆ ಬಾಲ್ಯದ ಕಲ್ಪನೆ ಕಷ್ಟವಲ್ಲ. ಹಳಗನ್ನಡದ ಕಾವ್ಯಪದಗಳ ಪಕ್ಕದಲ್ಲಿ ಬೀದಿಯ ಮಾತಿಗೂ ಗಾದೆಗೂ ನಿಘಂಟಿನಲ್ಲಿ ಸರಿಸಮನಾದ ಸ್ಥಾನ ಕೊಟ್ಟ ಅವರ ಧೋರಣೆಗೆ ಈ ಬಾಲ್ಯವೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ. ಇದು ಊಹೆ. ಆದರೆ ಆಧಾರವಿಲ್ಲದ ಊಹೆಯಲ್ಲ.

ಔರಿಖ್ ಪಟ್ಟಣದ ಶಾಲೆಯಲ್ಲಿ ಓದಿದ ಕಿಟೆಲ್ 1850ರಲ್ಲಿ ಬಾಸೆಲ್ಲಿನ ಮಿಷನ್ ವಿದ್ಯಾಲಯವನ್ನು ಸೇರಿದರು. 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಹುಬ್ಬಳ್ಳಿಗಳಲ್ಲಿ ಮಿಷನ್ನಿನ ಕೇಂದ್ರಗಳು 1830ರ ದಶಕದ ಕೊನೆಯಲ್ಲಿಯೇ ಆರಂಭವಾಗಿದ್ದವು. ಈ ಸೀಮೆಗೆ ಬಂದ ತರುಣ ಕಿಟೆಲ್ ಬಂಗಲೆಯ ಜೀವನದಿಂದ ದೂರವುಳಿದು, ಹಳ್ಳಿಗಳಲ್ಲಿ ಕಾಲ್ನಡಿಗೆಯಿಂದ ತಿರುಗಿ, ಇಲ್ಲಿಯವರಲ್ಲಿ ಒಬ್ಬರಾಗಿ ಬಾಳಲು ಹವಣಿಸಿದರು. ಇದು ಹಿರಿಯ ಸಹೋದ್ಯೋಗಿಗಳಿಗೆ ಒಪ್ಪಿಗೆಯಾಗಲಿಲ್ಲ. ಅವರನ್ನು ಕೆಲಕಾಲ ನೀಲಗಿರಿಗೆ ಕಳಿಸಲಾಯಿತು. ಧರ್ಮಪ್ರಚಾರಕರಾಗಿ ಅವರು ಯಶಸ್ಸು ಕಾಣಲಿಲ್ಲವೆಂಬುದನ್ನು ರೈನ್‌ಹಾರ್ಡ್ ವೆಂಟ್ ಸಂಪಾದಿಸಿ 2006ರಲ್ಲಿ ಪ್ರಕಟಿಸಿದ ಪ್ರಬಂಧಸಂಪುಟ ವಿವರವಾಗಿ ಚರ್ಚಿಸಿದೆ. ಈ ಜಗಳಗಳ ಕಾಗದಗಳು ಬಾಸೆಲ್ಲಿನ ಮಿಷನ್ ಪತ್ರಾಗಾರದಲ್ಲಿವೆ. ಅದರ ಸೂಚಿಯನ್ನೂ ಸಹಸ್ರಾರು ಛಾಯಾಚಿತ್ರ, ನಕ್ಷೆಗಳನ್ನೂ ಅಂತರ್ಜಾಲದಲ್ಲಿ ಕಾಣಬಹುದು. ಅಲ್ಲಿ ಪ್ರತಿ ಮಿಷನರಿಗೂ ಕ್ರಮಸಂಖ್ಯೆಯುಳ್ಳ ಒಂದು ನಮೂದಿದೆ. ಆ ಸಂಖ್ಯೆ ಸಿಕ್ಕರೆ ಉಳಿದ ಕಡತಗಳಿಗೆ ದಾರಿ ಸಿಗುತ್ತದೆ. ಆದರೆ ಮೂಲಪತ್ರಗಳು ಕುರ್ರೆಂಟ್ ಎಂಬ ಹಳೆಯ ಕೂಡುಬರೆಹದಲ್ಲಿವೆ. ಇಂದಿನ ಜರ್ಮನರಿಗೂ ಅದು ನಮಗೆ ಮೋಡಿ ಲಿಪಿ ಇದ್ದಂತೆ. ಇನ್ಸ್‌ಬ್ರೂಕ್‌ನಲ್ಲಿ ರೂಪುಗೊಂಡ ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಅದನ್ನು ಮುದ್ರಿತ ಅಕ್ಷರಕ್ಕೆ ತಿರುಗಿಸುತ್ತದೆ. ವ್ಯಕ್ತಿನಾಮ, ಸ್ಥಳನಾಮಗಳಲ್ಲಿ ಅದು ತಪ್ಪುತ್ತದೆ. ವಂಶಾಧ್ಯಯನಕ್ಕೆ ಬೇಕಾದದ್ದು ಮುಖ್ಯವಾಗಿ ಅವೇ ಆದ್ದರಿಂದ ಮೂಲವನ್ನು ಕಣ್ಣಿಂದ ನೋಡಿಯೇ ತೀರಬೇಕು.

ಕಿಟೆಲ್ ಅವರ ಕುಟುಂಬಜೀವನ ಆರಂಭವಾದದ್ದು ಭಾರತಕ್ಕೆ ಬಂದು ಏಳು ವರ್ಷಗಳಾದ ಮೇಲೆ. ಮಿಷನರಿ ಮನಬಂದಂತೆ ಮದುವೆಯಾಗುವಂತಿರಲಿಲ್ಲ. ಬಾಸೆಲ್ಲಿನ ಸಮಿತಿಗೆ ಅರ್ಜಿ ಸಲ್ಲಿಸಿ ಒಪ್ಪಿಗೆ ಪಡೆಯಬೇಕಿತ್ತು. ವಧುವನ್ನು ಅನೇಕ ವೇಳೆ ಅಲ್ಲಿಯೇ ಗೊತ್ತುಮಾಡಿ ಹಡಗಿನಲ್ಲಿ ಕಳಿಸಲಾಗುತ್ತಿತ್ತು. ಹುಡುಗ ಹುಡುಗಿ ಮೊದಲ ಬಾರಿ ಮುಖ ನೋಡುತ್ತಿದ್ದುದು ಮಂಗಳೂರಿನ ಬಂದರಿನಲ್ಲಿ ಎಂಬಂತಹ ಪ್ರಸಂಗಗಳೂ ಉಂಟು. 1860ರಲ್ಲಿ ಕಿಟೆಲ್ ಪೌಲಿನ್ ಐಟ್ ಎಂಬಾಕೆಯನ್ನು ವಿವಾಹವಾದರು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯನ್ನು ಅವರು ಕೈಹಿಡಿದರು. ಗತಿಸಿದ ಹೆಂಡತಿಯ ತಂಗಿಯನ್ನು ಮದುವೆಯಾಗುವುದು ನಮ್ಮ ಕಡೆಯೂ ಇರುವ ರೂಢಿಯೇ. ಇಂಗ್ಲೆಂಡಿನ ಕಾನೂನು ಮಾತ್ರ ಅದನ್ನು 1907ರವರೆಗೆ ಒಪ್ಪಿರಲಿಲ್ಲ.

ವಂಶವೃಕ್ಷಗಳನ್ನು ಓದುಗರೇ ತುಂಬುವ ಜಾಲತಾಣಗಳಲ್ಲಿ ಇಂತಹ ಕಡೆ ಪ್ರಮಾದಕ್ಕೆ ಎಡೆಯಿದೆ. ಒಬ್ಬನೇ ಗಂಡ, ಒಂದೇ ತವರಿನ ಇಬ್ಬರು ಹೆಂಡಿರು ಇದ್ದಾಗ ಯಂತ್ರ ಇಬ್ಬರನ್ನೂ ಒಬ್ಬಳೆಂದು ಕೂಡಿಸಲು ಸೂಚಿಸುತ್ತದೆ. ಅವಸರದವರು ಒಪ್ಪಿಬಿಟ್ಟರೆ ಅಕ್ಕನ ಮಕ್ಕಳು ತಂಗಿಯ ಮಡಿಲಿಗೆ ಬೀಳುತ್ತಾರೆ, ಸತ್ತವಳ ಹೆಸರೇ ಅಳಿಸಿಹೋಗುತ್ತದೆ. ತವರಿನ ಹೆಸರನ್ನು ಹಿಡಿದು ಹೊರಟರೆ ಮ್ಯಾಕ್ಸ್ ಐಟ್ ಎಂಬ ಪ್ರಸಿದ್ಧ ಎಂಜಿನಿಯರ್-ಸಾಹಿತಿಯ ಹೆಸರು ಥಟ್ಟನೆ ಎದುರಾಗುತ್ತದೆ. ಅವರು ವ್ಯೂರ್ಟೆಂಬರ್ಗಿನವರು. ಇಲ್ಲಿಯೂ ದಾಖಲೆ ಕೈಗೆ ಬರುವವರೆಗೆ ನಂಟಸ್ತನ ಕಟ್ಟಬಾರದು. ಸುದೈವದಿಂದ ವ್ಯೂರ್ಟೆಂಬರ್ಗಿನಲ್ಲಿ 1808ರಿಂದ ಒಂದೊಂದು ಕುಟುಂಬಕ್ಕೆ ಒಂದೊಂದು ಪುಟವನ್ನು ಮೀಸಲಿಟ್ಟ ಕುಟುಂಬ ದಾಖಲೆ ಪುಸ್ತಕಗಳನ್ನು ಚರ್ಚುಗಳು ಇಟ್ಟಿವೆ. ತಂದೆ, ತಾಯಿ, ಎಲ್ಲ ಮಕ್ಕಳು, ಯಾರು ಎಲ್ಲಿಗೆ ಹೋದರೆಂಬುದು ಒಂದೇ ನೋಟಕ್ಕೆ ದೊರೆಯುತ್ತದೆ.

ಮಕ್ಕಳ ಸಂಗತಿ ಇನ್ನೂ ಕಠಿಣವಾದದ್ದು. ಕಿಟೆಲ್ ಭಾರತಕ್ಕೆ ಬಂದ 1853ರಲ್ಲಿಯೇ ಬಾಸೆಲ್ಲಿನಲ್ಲಿ ಮಿಷನರಿಗಳ ಮಕ್ಕಳಿಗಾಗಿ ಒಂದು ನಿಲಯ ತೆರೆಯಿತು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಬೇಕೆಂಬುದು ನಿಯಮ. ಹೀಗೆ ಹೋದ ಮಕ್ಕಳನ್ನು ತಂದೆ ತಾಯಿಯರು ಮತ್ತೆ ಕಾಣುತ್ತಿದ್ದುದು ಎಷ್ಟೋ ವರ್ಷಗಳ ಮೇಲೆ, ಕೆಲವರು ಕಾಣಲೇ ಇಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಕಿಟೆಲ್ ಅವರ ಸಂಪಾದನೆಯಲ್ಲಿ ಹೊರಬಂದುದನ್ನು ನಾವು ಹೆಮ್ಮೆಯಿಂದ ಎಣಿಸುತ್ತೇವೆ. ಆ ವರ್ಷಗಳನ್ನು ಈ ನಿಯಮದ ಪಕ್ಕದಲ್ಲಿಟ್ಟು ಓದಬೇಕು. 1877ರಲ್ಲಿ ಅನಾರೋಗ್ಯದಿಂದ ತಾಯ್ನಾಡಿಗೆ ಮರಳಿದ ಕಿಟೆಲ್ ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟಿಗಾಗಿಯೇ ಮತ್ತೆ ಹಡಗು ಹತ್ತಿದರು. ಆ ಎರಡನೆಯ ಪಯಣವನ್ನು ವಿದ್ವಾಂಸನ ನಿಷ್ಠೆ ಎಂದಷ್ಟೇ ಬರೆಯುವುದು ನಮ್ಮ ಪದ್ಧತಿ. ಅದರ ಬೆಲೆಯಲ್ಲಿ ಜೂಲಿಗೂ ಮಕ್ಕಳಿಗೂ ಪಾಲಿತ್ತೆಂಬುದನ್ನು ಕುಟುಂಬದ ಪುಟಗಳು ನೆನಪಿಸುತ್ತವೆ.

1892ರಲ್ಲಿ ಅವರು ಭಾರತವನ್ನು ಕೊನೆಯದಾಗಿ ಬಿಟ್ಟರು. ಸುಮಾರು 70,000 ಪದಗಳ, 1,752 ಪುಟಗಳ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣ ಪ್ರಕಟವಾದ 1903ರಲ್ಲಿಯೇ, ಡಿಸೆಂಬರ್ ತಿಂಗಳಲ್ಲಿ, ಟ್ಯೂಬಿಂಗೆನ್‌ನಲ್ಲಿ ಅವರು ನಿಧನರಾದರು. 1876ರ ಜನವರಿಯಿಂದ ಜರ್ಮನಿಯಲ್ಲಿ ಜನನ ಮರಣಗಳ ನೋಂದಣಿ ಸರಕಾರಿ ಕಚೇರಿಗೆ ಬಂದಿತ್ತು. 2009ರಿಂದ ಜಾರಿಯಲ್ಲಿರುವ ಕಾನೂನಿನಂತೆ ಜನನದ ನಮೂದು 110 ವರ್ಷ, ವಿವಾಹದ್ದು 80 ವರ್ಷ, ಮರಣದ್ದು 30 ವರ್ಷ ಕಳೆದ ಮೇಲೆ ಸಂಶೋಧಕರಿಗೆ ಮುಕ್ತವಾಗುತ್ತದೆ. ಹಾಗಾಗಿ ಕಿಟೆಲ್ ದಂಪತಿಗಳ ಮಟ್ಟಿಗೆ ಯಾವ ನಿರ್ಬಂಧವೂ ಉಳಿದಿಲ್ಲ. ಈಗ ಜೀವಿಸಿರುವ ವಂಶಜರ ಮಾತು ಬೇರೆ. ಅವರ ಹೆಸರುಗಳನ್ನು ಕೆದಕಿ ಅಚ್ಚುಹಾಕುವುದು ಸಂಶೋಧನೆಯೆನಿಸದು.

ಇಷ್ಟೆಲ್ಲ ಸೌಲಭ್ಯ ಒಂದು ಕಡೆಗೆ ಮಾತ್ರ ಇದೆಯೆಂಬುದನ್ನೂ ಹೇಳಬೇಕು. ನಿಘಂಟು ಒಬ್ಬರ ಕೃತಿಯಲ್ಲ. ಹಳಗನ್ನಡದ ಓಲೆಗಳನ್ನು ಓದಿ ಅರ್ಥ ಹೇಳಿದ ಪಂಡಿತರು, ಗಾದೆಗಳನ್ನೂ ಆಡುಮಾತುಗಳನ್ನೂ ಒದಗಿಸಿದ ಊರಿನ ಜನರು ಅದರ ಹಿಂದಿದ್ದಾರೆ. ರೆಸ್ಟರ್‌ಹಾಫೆಯ ಪಾದ್ರಿಯ ಮನೆತನವನ್ನು ಕಮರಿಪೇಟೆಯಿಂದ ಅರಸಬಹುದು. ಕಮರಿಪೇಟೆಯ, ಘಂಟಿಕೇರಿಯ, ಧಾರವಾಡದ ಅಂದಿನ ಒಬ್ಬ ಪಂಡಿತನ ಮನೆತನವನ್ನು ಹಾಗೆ ಅರಸಲು ಬಾರದು. ಮಿಷನ್ನಿನ ಸಭೆಗೆ ಸೇರಿದವರ ಹೆಸರಾದರೂ ದೀಕ್ಷಾಸ್ನಾನದ ಪುಸ್ತಕದಲ್ಲಿ ಬರುತ್ತದೆ. ಸಂಬಳಕ್ಕೆ ಪಾಠ ಹೇಳಿ, ತನ್ನ ಧರ್ಮದಲ್ಲಿಯೇ ಉಳಿದವನು ಅದಕ್ಕೂ ಸಲ್ಲುವುದಿಲ್ಲ. ಹರಿದ್ವಾರದ ಪಂಡಾಗಳ ವಂಶಾವಳಿಯ ಪುಸ್ತಕಗಳ ಛಾಯಾಪ್ರತಿಗಳನ್ನು ಅಮೆರಿಕದ ಫ್ಯಾಮಿಲಿಸರ್ಚ್ ಸಂಸ್ಥೆ ಸಂಗ್ರಹಿಸಿದೆ. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ ಒಕ್ಕಲುಗಳ ತಲೆಮಾರುಗಳನ್ನು ಹೇಳುತ್ತ ಬಂದ ನಮ್ಮ ಹೆಳವರ ಹೊತ್ತಗೆಗಳಿಗೆ ಅಂತಹ ವ್ಯವಸ್ಥಿತ ಸಂಗ್ರಹದ ಕೆಲಸ ನಡೆಯಬೇಕಾಗಿದೆ. ಕಿಟೆಲ್ ಅವರ ಪಂಡಿತರನ್ನು ಹುಡುಕುವವರು ಮೋಡಿ ಕಾಗದಗಳ ಕಟ್ಟುಗಳನ್ನು, ಇನಾಮಿನ ದಾಖಲೆಗಳನ್ನು, ಹಳೆಯ ಶಾಲೆಗಳ ಹಾಜರಿ ಪುಸ್ತಕಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. ಹೆಳವರ ಮನೆಗೂ ಹೋಗಬೇಕು.