ಅಳತೆಗೋಲನ್ನೇ ಪರೀಕ್ಷೆಗೆ ಒಡ್ಡಿದ ಆಲ್ಫ್ರೆಡ್ ಬಿನೆ

ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯುವ ಮೊದಲ ಉಪಯುಕ್ತ ಪರೀಕ್ಷೆಯನ್ನು ರೂಪಿಸಿದ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ, ಅದನ್ನು ಅತಿಯಾಗಿ ನಂಬಬಾರದೆಂದು ಎಚ್ಚರಿಸಿದವರೂ ಹೌದು. 1857ರ ಜುಲೈನಲ್ಲಿ ನೀಸ್ ನಗರದಲ್ಲಿ ಜನಿಸಿದ ಅವರು ಕಾನೂನು ಪದವಿ ಪಡೆದರೂ ವಕೀಲಿ ವೃತ್ತಿಯತ್ತ ಮನಸ್ಸು ಹರಿಸಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರವನ್ನು ಸ್ವತಃ ಓದಿ ಕಲಿತರು.

1880ರ ದಶಕದಲ್ಲಿ ಅವರು ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಖ್ಯಾತ ವೈದ್ಯ ಶಾರ್ಕೊ ಅವರ ಬಳಗ ಸೇರಿದರು. ಸಂಮೋಹನಕ್ಕೆ ಒಳಗಾದ ರೋಗಿಯ ಲಕ್ಷಣಗಳು ಅಯಸ್ಕಾಂತದಿಂದ ದೇಹದ ಒಂದು ಪಾರ್ಶ್ವದಿಂದ ಇನ್ನೊಂದಕ್ಕೆ ಸರಿಯುತ್ತವೆಂದು ಸಹೋದ್ಯೋಗಿ ಫೆರೆ ಅವರೊಡನೆ ಸಾರಿದರು. ಬೆಲ್ಜಿಯಂನ ವಿದ್ವಾಂಸ ಡೆಲ್ಬೆಫ್ ಇದನ್ನು ಪ್ರಶ್ನಿಸಿದರು. ರೋಗಿಗಳ ಎದುರಿನಲ್ಲೇ ಪ್ರಯೋಗವನ್ನು ಚರ್ಚಿಸುತ್ತಿದ್ದುದರಿಂದ ಅವರು ಪ್ರಯೋಗಕಾರರ ನಿರೀಕ್ಷೆಯಂತೆಯೇ ವರ್ತಿಸುತ್ತಿದ್ದರು. ಬಿನೆ ಕಡೆಗೆ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಈ ಪೆಟ್ಟು ಅವರ ಮುಂದಿನ ಬದುಕನ್ನು ತಿದ್ದಿತು.

ಬಳಿಕ ಸೋರ್ಬಾನ್ ಪ್ರಯೋಗಾಲಯದ ನಿರ್ದೇಶಕರಾದ ಅವರು ಶಾಲಾ ಮಕ್ಕಳ ತಲೆಯ ಗಾತ್ರವನ್ನು ಅಳೆದರು. ಜಾಣರಿಗೂ ಹಿಂದುಳಿದವರಿಗೂ ನಡುವಿನ ವ್ಯತ್ಯಾಸ ತೀರಾ ಅಲ್ಪವಾಗಿತ್ತು. ತಮ್ಮ ನಿರೀಕ್ಷೆಯೇ ಅಳೆಯುವ ಕೈಯನ್ನು ವಾಲಿಸುತ್ತಿರಬಹುದೆಂಬ ಶಂಕೆಯೂ ಅವರನ್ನು ಕಾಡಿತು. 1900ರಲ್ಲಿ ಸೂಚನೆಗೆ ಮನಸ್ಸು ಹೇಗೆ ವಶವಾಗುತ್ತದೆ ಎಂಬುದರ ಮೇಲೆಯೇ ಗ್ರಂಥವೊಂದನ್ನು ಪ್ರಕಟಿಸಿದರು.

1904ರಲ್ಲಿ ಫ್ರೆಂಚ್ ಸರ್ಕಾರ ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಶಿಕ್ಷಣ ಕುರಿತು ಆಯೋಗ ರಚಿಸಿತು. ಬಿನೆ ಅದರ ಸದಸ್ಯರು. ಒಂದೇ ಮಗುವಿಗೆ ಒಬ್ಬೊಬ್ಬ ವೈದ್ಯರು ಒಂದೊಂದು ಹಣೆಪಟ್ಟಿ ಹಚ್ಚುತ್ತಿದ್ದ ಕಾಲವದು. 1905ರಲ್ಲಿ ಅವರು ತೆಯೊದೋರ್ ಸಿಮೊನ್ ಅವರೊಂದಿಗೆ 30 ಪ್ರಶ್ನೆಗಳ ಮಾಪಕವನ್ನು ಮುಂದಿಟ್ಟರು. ಉರಿಯುವ ಬೆಂಕಿಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದರಿಂದ ಮೊದಲಾಗಿ ಅಮೂರ್ತ ಪದಗಳ ಭೇದ ತಿಳಿಸುವವರೆಗೆ ಅವು ಕ್ರಮೇಣ ಕಠಿಣವಾಗುತ್ತಿದ್ದವು. 1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಲಾಯಿತು.

ಪರೀಕ್ಷೆ ನಡೆಸುವವರು ಬದಲಾದರೂ ಫಲಿತಾಂಶ ಬದಲಾಗಬಾರದು; ಇದು ವಿಶ್ವಾಸಾರ್ಹತೆ. ಅಳೆಯಬೇಕಾದುದನ್ನೇ ಅಳೆಯಬೇಕು, ಇದು ಸಿಂಧುತ್ವ. ಮೊದಲನೆಯದಕ್ಕಾಗಿ ಬಿನೆ ನಿಶ್ಶಬ್ದ ಕೊಠಡಿ, ನಿಗದಿತ ಪ್ರಶ್ನೆ, ಉತ್ತರದ ಸುಳಿವು ನೀಡದ ಪರೀಕ್ಷಕ ಬೇಕೆಂದರು. ಎರಡನೆಯದಕ್ಕಾಗಿ ಅಂಕಗಳನ್ನು ಮಕ್ಕಳ ಶಾಲಾ ಪ್ರಗತಿಯೊಂದಿಗೆ ತಾಳೆ ನೋಡಿದರು. ಬ್ರಸೆಲ್ಸ್‌ನ ಅನುಕೂಲಸ್ಥ ಮಕ್ಕಳು ಪ್ಯಾರಿಸ್ಸಿನ ಶ್ರಮಿಕರ ಮಕ್ಕಳಿಗಿಂತ ಸುಮಾರು ಒಂದೂವರೆ ವರ್ಷ ಮುಂದಿದ್ದುದು ಕಂಡಾಗ, ಮನೆಯ ಪರಿಸರವೂ ಅಂಕದೊಳಗೆ ಸೇರುತ್ತದೆಂಬುದನ್ನು ಗಮನಿಸಿದರು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾದ ಪ್ರಮಾಣವೆಂಬ ವಾದವನ್ನು 1909ರ ತಮ್ಮ ಗ್ರಂಥದಲ್ಲಿ ತಳ್ಳಿಹಾಕಿದರು.

1911ರ ಅಕ್ಟೋಬರ್ 18ರಂದು 54ನೇ ವಯಸ್ಸಿನಲ್ಲಿ ಬಿನೆ ನಿಧನರಾದರು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನೈಜ ವಯಸ್ಸಿನಿಂದ ಭಾಗಿಸುವ ಸೂತ್ರವಿತ್ತರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ಐಕ್ಯೂ ಆಗಿಸಿದರು. ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಹುಟ್ಟಿದ ಮಾಪಕ, ಅಲ್ಲಿ ಜನರನ್ನು ಬುದ್ಧಿಹೀನರೆಂದು ವಿಂಗಡಿಸಿ ಬಲವಂತದ ಸಂತಾನಹರಣಕ್ಕೂ ಸಮರ್ಥನೆ ಒದಗಿಸಿತು.

ಈ ಮಾಪಕ ಕನ್ನಡಕ್ಕೂ ಬಂದಿತು. ಟರ್ಮನ್ ಪರಿಷ್ಕರಣೆಯನ್ನು ಆಧರಿಸಿ ವಿ.ವಿ. ಕಾಮತ್ ಅವರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳ ಮೇಲೆ ಪ್ರಯೋಗ ನಡೆಸಿ 1934ರಲ್ಲಿ ಸಿದ್ಧಪಡಿಸಿದ ಬಿನೆ-ಕಾಮತ್ ಪರೀಕ್ಷೆ ದೇಶದ ಅನೇಕ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಬಳಕೆಯಾಯಿತು. ಪ್ಯಾರಿಸ್ಸಿನ ಮಗುವಿಗೆ ಹೊಂದಿದ ಪ್ರಶ್ನೆ ಧಾರವಾಡದ ಮಗುವಿಗೂ ಹೊಂದುತ್ತದೆಯೇ ಎಂದು ಪರೀಕ್ಷಿಸಿ ನೋಡಿದ ಆ ಕೆಲಸ ಬಿನೆ ಹಾಕಿಕೊಟ್ಟ ದಾರಿಯಲ್ಲೇ ನಡೆದಿತ್ತು.