ಸುರಪುರದ ಟೇಲರ್ ಮತ್ತು ಗೋರಿಯ ಮೂಳೆಗಳು

ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದವರಿಗೆ ಸುರಪುರ ಗೊತ್ತೇ ಇರುತ್ತೆ. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಅಂತ ಒಂದು ಬಂಗಲೆ ಇದೆ. ಕಟ್ಟಿಸಿದವರು ಫಿಲಿಪ್ ಮೆಡೋಸ್ ಟೇಲರ್. ಆಡಳಿತಗಾರ, ಕಾದಂಬರಿಕಾರ ಅಂತ ಅವರ ಹೆಸರು ಕೇಳಿರ್ತೀವಿ. ನಾವಿಲ್ಲಿ ಹೇಳೋದು ಅವರು ಅಗೆದು ತೆಗೆದ ಮೂಳೆಗಳ ಕಥೆ.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲ್‌ನಲ್ಲಿ. 1824ರಲ್ಲಿ, ಹದಿನಾರು ತುಂಬೋ ಮೊದಲೇ ಮುಂಬೈಗೆ ಬಂದರು. ವ್ಯಾಪಾರಿಯ ಹತ್ತಿರದ ಕೆಲಸ ಸರಿಹೋಗದೆ ನಿಜಾಮರ ಸೈನ್ಯ ಸೇರಿದರು. ಕಾಲೇಜು ಕಾಣದ ಅವರು ಸರ್ವೆ, ಕಾನೂನು, ಭಾಷೆ ಎಲ್ಲಾ ಕೆಲಸ ಮಾಡ್ತಾನೇ ಕಲಿತರು. ಸುರಪುರದ ದೊರೆ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, 1841ರಿಂದ 1853ರವರೆಗೆ, ಸಂಸ್ಥಾನದ ಆಡಳಿತ ನೋಡಿಕೊಂಡರು.

ಆ ವರ್ಷಗಳಲ್ಲೇ ರಾಜನಕೋಳೂರಿನ ಕಲ್ಲುಗೋರಿಗಳನ್ನು ಪರೀಕ್ಷಿಸಿದರು, ಜೇವರ್ಗಿಯಲ್ಲಿ ಅಗೆಸಿದರು. ಮಡಕೆ ಎಲ್ಲಿತ್ತು, ಅಸ್ಥಿಪಂಜರ ಯಾವ ಪದರದಲ್ಲಿತ್ತು ಅಂತ ಸೆಕ್ಷನ್ ಡ್ರಾಯಿಂಗ್ ಬರೆದರು. ಕೆಲವು ತಲೆಗಳು ದೇಹದಿಂದ ಬೇರೆಯಾಗಿದ್ದವು. ಅದು ನರಬಲಿ ಅಂದುಕೊಂಡರು. ಗೋರಿ ಕಟ್ಟಿದವರನ್ನು ತಮ್ಮ ಯುರೋಪಿನ ಪ್ರಾಚೀನ ಡ್ರೂಯಿಡರ ಜೊತೆ ಸೇರಿಸಿಬಿಟ್ಟರು. ಇದನ್ನು ಪುರಾತತ್ವಜ್ಞರು ಈಗ ಒಪ್ಪಲ್ಲ.

ಮೂಳೆಯ ಒಳಗೇನಿದೆ ಅಂತ ನೋಡೋ ದಾರಿ ಅವರಿಗಿರಲಿಲ್ಲ. 1876ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡರು. ಸಿ.ವಿ. ರಾಮನ್ ತಮ್ಮ ಪರಿಣಾಮ ಕಂಡುಹಿಡಿದದ್ದು 1928ರಲ್ಲಿ. ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ: ಕಾರ್ಬೊನೇಟ್ ಬೆರೆತ ಕ್ಯಾಲ್ಸಿಯಂ ಫಾಸ್ಫೇಟ್. ಲೇಸರ್ ಬಿಟ್ಟರೆ ಫಾಸ್ಫೇಟ್‌ನ ಪೀಕ್ 960 ವೇವ್‌ನಂಬರ್ ಹತ್ತಿರ, ಕಾರ್ಬೊನೇಟ್‌ನದು 1070ರ ಹತ್ತಿರ ಕಾಣುತ್ತೆ. ಎರಡರ ಅನುಪಾತ ನೋಡಿದ್ರೆ ಖನಿಜದ ಸ್ಥಿತಿ ಗೊತ್ತಾಗುತ್ತೆ.

ಆದ್ರೆ ಮಣ್ಣಲ್ಲಿರೋ ಮೂಳೆ ಸುಮ್ಮನಿರಲ್ಲ. ನೀರಿನಿಂದ ಕಾರ್ಬೊನೇಟ್, ಫ್ಲೋರೈಡ್ ಹೀರಿಕೊಳ್ಳುತ್ತೆ, ಅದರ ಹರಳುಗಳು ಬದಲಾಗ್ತವೆ. ಹಾಗಾಗಿ ಮೊದಲ ಪ್ರಶ್ನೆ ಇದು: ಪೀಕ್‌ನಲ್ಲಿ ಕಾಣ್ತಿರೋದು ಆ ಮನುಷ್ಯನದಾ, ಮಣ್ಣಿನದಾ? ಉತ್ತರಕ್ಕೆ ಪಕ್ಕದ ಮಣ್ಣೂ ಬೇಕು, ಮೂಳೆ ಇದ್ದ ಜಾಗವೂ ಗೊತ್ತಿರಬೇಕು. ಟೇಲರ್ ತೀರ್ಮಾನ ಬಿದ್ದುಹೋದರೂ ಅವರ ಡ್ರಾಯಿಂಗ್‌ಗೆ ಇನ್ನೂ ಬೆಲೆ ಇರೋದು ಅದಕ್ಕೇ.

ನಮ್ಮ ಕಡೆ ಹೊಲದಲ್ಲಿ ಇಂಥ ಕಲ್ಲಿನ ವೃತ್ತ ಕಂಡ್ರೆ ಕೀಳಬೇಡ್ರಿ, ಪುರಾತತ್ವ ಇಲಾಖೆಗೆ ತಿಳಿಸಿ. ಜಾಗ ಕಲಸಿಹೋದ ಮೇಲೆ ಎಂಥ ಸ್ಪೆಕ್ಟ್ರೋಮೀಟರ್ ತಂದ್ರೂ ಆ ಪ್ರಶ್ನೆಗೆ ಉತ್ತರ ಸಿಗೋದು ಕಷ್ಟ.