ವಿಮಾನದ ಧಣಿ ಜೆ. ಆರ್. ಡಿ. ಟಾಟಾ

ಭಾರತದ ನಾಗರಿಕ ವಿಮಾನಯಾನದ ಜನಕರೆಂದು ಮಾನ್ಯರಾದ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರು 1904ನೆಯ ಇಸವಿ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಪಾರಸಿ ವರ್ತಕರು, ತಾಯಿ ಫ್ರೆಂಚ್ ಮಹಿಳೆ. ಬೇಸಿಗೆಯಲ್ಲಿ ಈ ಕುಟುಂಬವು ತಂಗುತ್ತಿದ್ದ ಕಡಲತೀರದಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊತ್ತಮೊದಲು ವಿಮಾನದಲ್ಲಿ ದಾಟಿದ ಬ್ಲೇರಿಯೋ ಅವರ ಮನೆಯೂ ಇತ್ತು. ಬಾಲಕನ ಮನಸ್ಸು ಅಲ್ಲಿಯೇ ಆಕಾಶಕ್ಕೆ ಒಲಿಯಿತು. 1929ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ಅವರಿಗೆ ದೊರೆತ ಚಾಲಕ ಪರವಾನಗಿ ಈ ದೇಶದಲ್ಲಿ ಕೊಡಲಾದ ಪ್ರಥಮ ಪರವಾನಗಿ.

1930ರಲ್ಲಿ ಆಗಾಖಾನರ ಬಹುಮಾನಕ್ಕಾಗಿ ಒಬ್ಬಂಟಿಗರಾಗಿ ಹಾರುತ್ತಿದ್ದಾಗ, ಈಜಿಪ್ತಿನ ಅಬೂಕಿರ್‌ನಲ್ಲಿ ಪ್ರತಿಸ್ಪರ್ಧಿ ಆಸ್ಪಿ ಇಂಜಿನಿಯರ್ ಸ್ಪಾರ್ಕ್ ಪ್ಲಗ್ಗಿಲ್ಲದೆ ನಿಂತಿದ್ದುದನ್ನು ಕಂಡು ತಮ್ಮಲ್ಲಿದ್ದುದನ್ನು ಕೊಟ್ಟರು. ಬಹುಮಾನ ಆಸ್ಪಿಯವರ ಪಾಲಾಯಿತು.

1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ಹೊತ್ತು, ಅಹಮದಾಬಾದಿನಲ್ಲಿ ಎಣ್ಣೆ ತುಂಬಿಸಿಕೊಂಡು, ಟಾಟಾ ಅವರು ಜುಹುವಿನಲ್ಲಿಳಿದರು. ಅಲ್ಲಿಂದ ಮಿತ್ರ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಹಾರಿದರು. ನಮ್ಮ ಬಳ್ಳಾರಿಗೆ ಆ ಗೌರವವುಂಟು! ರೇಡಿಯೋ ಇಲ್ಲ, ಮಳೆಗಾಲದಲ್ಲಿ ಜುಹು ಕೆಸರಾಗಿ ಪುಣೆಗೆ ಠಾಣ್ಯ ಬದಲಿಸಬೇಕು. ಆದರೂ ಮೊದಲ ವರ್ಷದ ಸಮಯಪಾಲನೆ ನೂರಕ್ಕೆ ನೂರೆಂದು ಸರಕಾರದ ವೈಮಾನಿಕ ಇಲಾಖೆ ಶ್ಲಾಘಿಸಿತು.

1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಲಂಡನ್ನಿಗೆ ಹೊರಟಿತು. 1953ರಲ್ಲಿ ರಾಷ್ಟ್ರೀಕರಣವಾದಾಗ ಟಾಟಾ ಅವರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಆದರೂ ಅಧ್ಯಕ್ಷರಾಗಿ ಉಳಿದರು. ತಾವು ಕಟ್ಟಿದ ಶಿಸ್ತು ಸಡಿಲವಾಗಬಾರದೆಂಬುದೇ ಅವರ ಚಿಂತೆ. ಪ್ರಯಾಣ ಮಾಡಿದಾಗಲೆಲ್ಲ ಕುಂದುಗಳನ್ನು ಬರೆದುಕೊಳ್ಳುತ್ತಿದ್ದರು. ಚಹಾ ಯಾವುದು, ಕಾಫಿ ಯಾವುದು ಎಂದು ಬಣ್ಣದಿಂದ ತಿಳಿಯದಿದ್ದರೂ ಅದೊಂದು ಟಿಪ್ಪಣಿ! ಕೊಳೆಯಾದ ಕೌಂಟರನ್ನು ತಾವೇ ಬಟ್ಟೆ ತರಿಸಿ ಒರೆಸಿದ್ದುಂಟು. ಉಪಾಹಾರಗೃಹ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಲ್ಲಾದ ಮೇಲೆ ಧೂಳು ಕಂಡರೆ ಅಡುಗೆಮನೆಯನ್ನೂ ಹೊಕ್ಕು ನೋಡಬೇಕಾಗುತ್ತದೆ.

ಆದರೆ ಇಂತಹ ಧಣಿಯ ಕಾಲದಲ್ಲಿಯೂ ಘೋರ ಅಪಘಾತಗಳು ಸಂಭವಿಸಿದವು. 1950ರ ನವೆಂಬರ್ 3ರಂದು ‘ಮಲಬಾರ್ ಪ್ರಿನ್ಸೆಸ್’ ಮೋಂಬ್ಲಾಂ ಪರ್ವತಕ್ಕೆ ಬಡಿದು 48 ಜನರು ಮಡಿದರು. 1966ರ ಜನವರಿ 24ರಂದು ಅದೇ ಪರ್ವತದಲ್ಲಿ ‘ಕಾಂಚನಜುಂಗಾ’ ನಾಶವಾಗಿ, ವಿಜ್ಞಾನಿ ಹೋಮಿ ಭಾಭಾ ಸಹಿತ 117 ಮಂದಿ ಅಸುನೀಗಿದರು. ದಿಕ್ಕು ತಿಳಿಸುವ ರೇಡಿಯೋ ಯಂತ್ರಗಳಲ್ಲೊಂದು ಕೆಟ್ಟಿತ್ತು. ನೆಲದ ರಾಡಾರಿನವರು ತಿಳಿಸಿದ ಸ್ಥಾನವನ್ನು ಚಾಲಕರು ತಪ್ಪಾಗಿ ಗ್ರಹಿಸಿ, ಪರ್ವತ ದಾಟಿತೆಂದು ಕೆಳಗಿಳಿದರು. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ‘ಎಂಪರರ್ ಅಶೋಕ’ ಬಾಂದ್ರಾದ ಕಡಲಿಗೆ ಬಿದ್ದು 213 ಜೀವಗಳು ಹೋದವು. ವಿಮಾನದ ವಾಲುವಿಕೆಯನ್ನು ತೋರಿಸುವ ಕಪ್ತಾನರ ಮಾಪಕ ಸುಳ್ಳು ತೋರಿಸಿತ್ತು. ಸರಿಯಾಗಿ ತೋರಿಸುವ ಬೇರೆ ಮಾಪಕಗಳು ಪಕ್ಕದಲ್ಲಿಯೇ ಇದ್ದವು.

ಧಣಿಯ ಕಣ್ಣು ಎಷ್ಟು ಚುರುಕಾಗಿದ್ದರೇನು, ಆ ಕತ್ತಲೆಯಲ್ಲಿ ಕಪ್ತಾನರ ಬೆನ್ನಿಗೆ ಅದು ಇರಲಾರದು. ಅನಂತರದ ವರ್ಷಗಳಲ್ಲಿ ಜಗತ್ತಿನ ವಿಮಾನ ಕಂಪೆನಿಗಳು ಬೇರೆ ಕ್ರಮಗಳನ್ನು ರೂಢಿಸಿಕೊಂಡವು. ಕಪ್ತಾನರು ತಪ್ಪಿದರೆ ಕಿರಿಯ ಚಾಲಕನು ಸಂಕೋಚವಿಲ್ಲದೆ ಹೇಳುವುದು, ಒಂದು ಮಾಪಕವನ್ನು ಇನ್ನೊಂದರೊಡನೆ ತಾಳೆ ನೋಡುವುದು, ಸುರಕ್ಷಿತವಾಗಿ ಇಳಿದ ವಿಮಾನದ ದಾಖಲೆಯನ್ನೂ ಪರಿಶೀಲಿಸುವುದು, ಸಿಬ್ಬಂದಿ ತಮ್ಮ ಲೋಪಗಳನ್ನು ಅಂಜದೆ ವರದಿ ಮಾಡುವುದು ಇವೆಲ್ಲ ಇಂದು ತರಬೇತಿಯ ಭಾಗಗಳು. ಟಾಟಾ ಅವರ ಟಿಪ್ಪಣಿಯ ಅಭ್ಯಾಸವು ಒಬ್ಬರ ಕೈಯಿಂದ ಎಲ್ಲರ ಕೈಗೆ ಬಂದಂತಾಯಿತು.

ಅಶೋಕ ದುರಂತದ ಮರುತಿಂಗಳೇ ಮೊರಾರ್ಜಿ ದೇಸಾಯಿಯವರ ಸರಕಾರವು ಅವರನ್ನು ಅಧ್ಯಕ್ಷಪದವಿಯಿಂದ ತೆಗೆಯಿತು. 1982ರ ಅಕ್ಟೋಬರ್ 15ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಅವರು ಹಳೆಯ ಪುಟ್ಟ ವಿಮಾನವೊಂದನ್ನು ತಾವೇ ನಡೆಸಿಕೊಂಡು ಕರಾಚಿಯಿಂದ ಮತ್ತೊಮ್ಮೆ ಜುಹುವಿಗೆ ಬಂದಿಳಿದರು. 1992ರಲ್ಲಿ ಭಾರತರತ್ನ ಬಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು; ಸಮಾಧಿ ಪ್ಯಾರಿಸಿನಲ್ಲಿದೆ.